ಅರ್ಧ ಗೆರೆ ಮೇಲೆ ಕೂತ ಅಕ್ಷರ

ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದೆ ಎಂದರೆ ಕೂಡ್ಲಿಗಿಯಲ್ಲಿ ಜನ ನನ್ನನ್ನು ನೋಡುವ ರೀತಿಯೇ ಬೇರೆ. ಅವರ ಕಣ್ಣ ಮುಂದೆ ಹಿಮ, ಬಂಕರು, ಗುಂಡಿನ ಸದ್ದು ಹಾದುಹೋಗುವುದು ನನಗೆ ಕಾಣಿಸುತ್ತದೆ. ನಾನು ಸುಮ್ಮನಿರುತ್ತೇನೆ. ನಾನಿದ್ದದ್ದು ಕ್ಲರ್ಕಾಗಿ. ಸೈನ್ಯದಲ್ಲಿ ನಾನು ಹಾರಿಸಿದ ಗುಂಡಿಗಿಂತ ಹೊಡೆದ ಸ್ಟೇಪಲ್ ಪಿನ್ನುಗಳೇ ಹೆಚ್ಚು. ಆಗಿರುವ ಒಂದೇ ಗಾಯವೂ ಪಂಚಿಂಗ್ ಮಷೀನಿನಿಂದ ಆದದ್ದು.

ಈಗ ನನಗೆ ನಲವತ್ತೇಳು. ಬಿಪಿ ಮಾತ್ರೆ ಬೆಳಗ್ಗೆ ಒಂದು. ಅದನ್ನು ನುಂಗಿದೆನೋ ಇಲ್ಲವೋ ಎಂಬ ಚಿಂತೆ ಮಧ್ಯಾಹ್ನದವರೆಗೆ. ಮನೆಗೆ ಬೀಗ ಹಾಕಿದರೆ ಎರಡು ಸಲ ಜಗ್ಗಿ ನೋಡುತ್ತೇನೆ, ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗುತ್ತೇನೆ. ಒಳಗೆ ನಮ್ಮಕ್ಕ ಇದ್ದಾಗಲೂ ಒಂದು ಸಲ ಹಾಗೆ ಬೀಗ ಹಾಕಿಕೊಂಡು ಹೋಗಿದ್ದೆ. ಗಂಡ ತೀರಿದ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ನಾನು ಮದುವೆಯಾಗಲಿಲ್ಲ. ಊರಿನವರು ಅದಕ್ಕೆ ತಾವೇ ಒಂದು ಕಾರಣ ಹುಡುಕಿ ಕೊಟ್ಟಿದ್ದಾರೆ: "ದೇಶ ದೇಶ ಅಂತ ಮದುವಿ ವಯಸ್ಸು ದಾಟಿಸ್ಕೊಂಡ." ಇಷ್ಟು ಚಂದದ ಕಾರಣವನ್ನು ನಾನೇ ಕೂತು ಯೋಚಿಸಿದರೂ ಕಟ್ಟಲು ಆಗುತ್ತಿರಲಿಲ್ಲ.

ಮನೆಯ ಪಡಸಾಲೆಯಲ್ಲಿ ಒಂದು ಮೇಜು, ಒಂದು ಪ್ರಿಂಟರು, ನಾಲ್ಕು ಕುರ್ಚಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯಿಂದ ಮಾಜಿ ಸೈನಿಕರು, ಅವರ ಹೆಂಡಂದಿರು, ತೀರಿಹೋದವರ ಹೆಂಡಂದಿರು ಕಾಗದ ಹಿಡಿದು ಬರುತ್ತಾರೆ. ಹೆಸರಿನ ಅಕ್ಷರ ತಪ್ಪಿದೆ, ಹುಟ್ಟಿದ ತಾರೀಖು ತಪ್ಪಿದೆ, ಬದುಕಿದ್ದೇನೆಂಬ ಸರ್ಟಿಫಿಕೇಟು ಬೇಕು. ಹರಪನಹಳ್ಳಿ ಕಡೆಯವರದು ವಿಶೇಷ ಗೋಳು. ಸೇರುವಾಗ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ನಿಮ್ಮ ಜಿಲ್ಲೆ ಯಾವುದೆಂದು ಕೇಳಿದರೆ "ಯಾವ ವರ್ಷದ್ದು ಹೇಳ್ಲಿ?" ಎಂದು ನನ್ನನ್ನೇ ಕೇಳುತ್ತಾರೆ. ಕೂತಲ್ಲೇ ಕೂತು ಮೂರು ಜಿಲ್ಲೆ ತಿರುಗಿದ ಜನ.

ಹೋದ ವರ್ಷ ಒಂದು ಸೋಮವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಹತ್ತೊಂಬತ್ತು ಇರಬಹುದು. ಟ್ರ್ಯಾಕ್ ಪ್ಯಾಂಟು, ಕಾಲಲ್ಲಿ ಸವೆದ ಬೂಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಮಿಲಿಟರಿ ಫಾರ್ಮ್ ತುಂಬೋರು ನೀವ ಏನ್ರಿ ಸರ್?"

"ಬಾರವ್ವ, ಕುಂದ್ರು. ಯಾರ್ದು ಫಾರ್ಮು? ಅಪ್ಪಂದೋ, ಅಣ್ಣಂದೋ?"

"ನಂದ ರೀ," ಎಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹರಪನಹಳ್ಳ್ಯಾಗ ಒಬ್ರು ಹವಾಲ್ದಾರ್ರು ಕಳಿಸಿದ್ರು. ಕೂಡ್ಲಿಗ್ಯಾಗ ಒಬ್ಬ ಬಾಬು ಅದಾನ, ಕಾಗದ ನೋಡಿದ್ರ ಅದರ ಜಾತಕ ಹೇಳ್ತಾನ ಅಂದ್ರು."

ಹುಡುಗಿಯರನ್ನು ಮಿಲಿಟರಿ ಪೊಲೀಸಿಗೆ ಅಗ್ನಿವೀರರೆಂದು ತೆಗೆದುಕೊಳ್ಳುತ್ತಿದ್ದಾರಲ್ಲ, ಅದಕ್ಕೆ ಅರ್ಜಿ ಹಾಕಬೇಕಂತೆ. ಉಚ್ಚಂಗಿದುರ್ಗದ ರಸ್ತೆಯಲ್ಲಿ ಎರಡು ವರ್ಷದಿಂದ ದಿನಾ ಬೆಳಗ್ಗೆ ಓಡುತ್ತಿದ್ದಾಳೆ. ಫಾರ್ಮಿನಲ್ಲಿ ತಂದೆ ಸೈನ್ಯದಲ್ಲಿದ್ದರೇ ಎಂದು ಒಂದು ಕಾಲಂ ಇದೆ. ಅಲ್ಲಿಗೆ ಬಂದು ಅವಳ ಕೈ ನಿಂತಿದೆ.

"ನಮ್ಮಪ್ಪ ಇದ್ದಾ ರೀ, ಆರು ವರ್ಷ. ಓಡಿ ಬಂದಾನಂತ ಊರಾಗೆಲ್ಲ ಅಂತಾರ. ನಾನು ಕೇಳಿದ್ರ, ಹೂಂ, ಓಡಿ ಬಂದೆ, ಈಗೇನು ಅಂತಾನ. ಮೊನ್ನೆ ಟ್ರಂಕಿನ ತಳದಾಗ ಇದು ಸಿಕ್ತು."

ಚೀಲದಿಂದ ಡಿಸ್ಚಾರ್ಜ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ನಾನು ಕನ್ನಡಕ ಏರಿಸಿ ಹಾಳೆ ಬಿಡಿಸಿದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಮೂರು ಸಾಲು. ಇಂಥ ನಂಬರಿನ ಸಿಪಾಯಿ, ಡ್ರೈವರ್, ಇವರ ಸೇವೆ ಇನ್ನು ಅಗತ್ಯವಿಲ್ಲದ್ದರಿಂದ ಬಿಡುಗಡೆ ಮಾಡಲಾಗಿದೆ. ಮೂರೂ ಸಾಲಿನಲ್ಲಿ 'ಎ' ಅಕ್ಷರ ಬಂದಲ್ಲೆಲ್ಲ ಅದು ಅರ್ಧ ಗೆರೆ ಮೇಲೆ ಕೂತಿತ್ತು.

ಹೆಸರು ಓದುವ ಮೊದಲೇ ನನಗೆ ಗೊತ್ತಾಯಿತು. ಆ ಯಂತ್ರ ಗೊತ್ತು. ಆ ಮೂರು ಸಾಲು ಟೈಪು ಮಾಡಿದ ಬೆರಳುಗಳು ಈಗ ಅದೇ ಹಾಳೆಯನ್ನು ಹಿಡಿದುಕೊಂಡಿದ್ದವು.

"ಓಡಿ ಬಂದೋರಿಗೆ ಪುಸ್ತಕ ಕೊಡಂಗಿಲ್ಲವ್ವ," ಎಂದೆ. "ಓಡಿ ಬಂದ್ರ ಪೊಲೀಸ್ರು ಹುಡುಕ್ಕೊಂಡು ಬರ್ತಾರ. ನಿಮ್ಮಪ್ಪ ಓಡಿ ಬಂದಿಲ್ಲ. ಅವರ ಕಳಿಸ್ಯಾರ."

"ಯಾಕ?"

ನಾನು ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿದೆ.

"ಕಾಲು ಮುರಕೊಂಡಿಲ್ಲ, ಕಣ್ಣು ಹೋಗಿಲ್ಲ, ಯಾಕ ಕಳಿಸಿದ್ರು? ಕಳವು ಮಾಡ್ಯಾನೇನು? ಯಾರಿಗರ ಹೊಡದಾನೇನು? ಓಡಿ ಬಂದಿಲ್ಲಂದ್ರ ಅದಕ್ಕಿಂತ ಕೆಟ್ಟದ್ದೇನೋ ಮಾಡಿರಬೇಕಲ್ರಿ, ಸುಳ್ಳು ಹೇಳಾಕ." ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಗೊತ್ತಾಗೋತನಕ ನಾನು ಫಾರ್ಮ್ ಹಾಕಂಗಿಲ್ಲ. ಅಲ್ಲಿ ಹೋದ ಮ್ಯಾಲ ಯಾರಾರ ನಿಮ್ಮಪ್ಪ ಏನ್ ಮಾಡಿದ ಅಂತ ಕೇಳಿದ್ರ, ತಲಿ ತಗ್ಗಿಸ್ಕೊಂಡು ನಿಂದ್ರಾಕ ನನ್ನ ಕೈಲಿ ಆಗಂಗಿಲ್ರಿ."

ಕೊನೆಯ ದಿನಾಂಕ ಮುಂದಿನ ವಾರದ ಗುರುವಾರ. ಹತ್ತು ದಿನ ಇತ್ತು.

ಆಗಲೇ ಹೇಳಬಹುದಿತ್ತು. ಬದಲಿಗೆ, "ರೆಕಾರ್ಡ್ ನೋಡಬೇಕಾಗ್ತೈತಿ, ಪುಸ್ತಕ ಇಲ್ಲೇ ಬಿಟ್ಟು ಹೋಗು, ನಾನು ಫೋನ್ ಮಾಡ್ತೀನಿ" ಎಂದೆ. ಯಾವ ರೆಕಾರ್ಡೂ ಇರಲಿಲ್ಲ. ಇದ್ದದ್ದು ನಾನೊಬ್ಬನೇ.

ಅವಳ ಅಪ್ಪನ ಪರಿಚಯ ನನಗೆ ಆದದ್ದು ಬೈಗುಳದಿಂದ. ಸೇರಿ ಎರಡು ವರ್ಷವಾಗಿತ್ತು. ಇಡೀ ಕಂಪನಿಯಲ್ಲಿ ಎಲ್ಲರದೂ ಹಿಂದಿ. ಕನಸೂ ಹಿಂದಿಯಲ್ಲಿ ಬೀಳಲು ಶುರುವಾಗಿತ್ತು. ಒಂದು ಬೆಳಗ್ಗೆ ಗ್ಯಾರೇಜಿನಿಂದ "ಸ್ಟಾರ್ಟ್ ಆಗ್ತಿಯೋ ಇಲ್ಲೋ, ನಿನ್ನ ಮನಿ ಹಾಳಾಗ!" ಎಂಬ ಕೂಗು ಕೇಳಿತು. ನಾನು ಫೈಲು ಹಿಡಿದುಕೊಂಡೇ ಓಡಿದೆ. ಹೊಸದಾಗಿ ಬದಲಿಯಾಗಿ ಬಂದ ಡ್ರೈವರ್ ಒಬ್ಬ ಲಾರಿಯ ಬಾನೆಟ್ಟಿನೊಳಗೆ ತಲೆ ತೂರಿಸಿ ಇಂಜಿನ್ನಿನ ವಂಶವನ್ನೆಲ್ಲ ಬೈಯುತ್ತಿದ್ದ. "ಯಾವೂರೋ?" ಎಂದೆ. ತಲೆ ಎತ್ತಿದ. ಮೂಗಿನ ಮೇಲೆ ಗ್ರೀಸು. "ಹರಪನಹಳ್ಳಿ ಕಡಿ. ನೀನು?" "ಕೂಡ್ಲಿಗಿ. ಹೊಸಹಳ್ಳಿ ಹೋಬಳಿ." "ಹಂಗಾರ ಇಲ್ಲಿ ಬಾ, ಈ ಪೈಪ್ ಹಿಡಕೋ." ಫೈಲನ್ನು ಕೆಳಗಿಟ್ಟು ಪೈಪು ಹಿಡಿದುಕೊಂಡೆ. ಆ ಫೈಲಿನ ಮೇಲೆ ಆದ ಎಣ್ಣೆ ಕಲೆಗೆ ನಾನು ಲಿಖಿತ ವಿವರಣೆ ಕೊಡಬೇಕಾಯಿತು.

ಅವನು ನನ್ನನ್ನು ಬಾಬು ಎನ್ನುತ್ತಿದ್ದ, ಸೈನ್ಯದಲ್ಲಿ ಕ್ಲರ್ಕುಗಳನ್ನು ಎಲ್ಲರೂ ಕರೆಯುವ ಹಾಗೆ. ನಾನು ಅವನನ್ನು ಡ್ರೈವರ್ ಎನ್ನುತ್ತಿದ್ದೆ. ಅದಕ್ಕಿಂತ ಹತ್ತಿರದ ಹೆಸರಿನಿಂದ ಕರೆದರೆ ಯಾರಾದರೂ ಕೇಳಿಸಿಕೊಂಡಾರು ಎಂಬ ಭಯ ನನಗೆ. ಅವನಿಗೆ ಭಯ ಇರಲಿಲ್ಲ, ಅವನ ಪಾಲಿನದನ್ನೂ ನಾನೇ ಹೊತ್ತುಕೊಂಡಿದ್ದೆ. ಒಂದು ವರ್ಷ ರಜೆಗೆ ಒಟ್ಟಿಗೆ ಹೊರಟೆವು. ಗುಂತಕಲ್ಲಿನಲ್ಲಿ ಇಳಿದು, ರೈಲು ತಪ್ಪಿತೆಂದು ಇಬ್ಬರೂ ಮನೆಗೆ ಸುಳ್ಳು ಹೇಳಿ, ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಎರಡು ದಿನ ಇದ್ದೆವು. ಆ ಎರಡು ದಿನದಲ್ಲಿ ನಾನು ಬಾಗಿಲ ಚಿಲಕವನ್ನು ಎಷ್ಟು ಸಲ ನೋಡಿದೆನೋ. ಅವನು ನಕ್ಕು ನಕ್ಕು, "ಲೇ ಬಾಬು, ಚಿಲಕಕ್ಕ ಲಗ್ನ ಆಗಿಯೇನು? ಬಾ ಇಲ್ಲಿ" ಎಂದಿದ್ದ.

ಮರುವರ್ಷ ಅವನನ್ನು ಮೂರು ತಿಂಗಳ ಮಟ್ಟಿಗೆ ಗಡಿಯಂಚಿನ ಠಾಣೆಗೆ ಸಾಮಾನು ಸಾಗಿಸಲು ಕಳಿಸಿದರು. ನಾನು ಅವನಿಗೊಂದು ಪತ್ರ ಬರೆದೆ. ಕೈಯಲ್ಲಿ ಬರೆದರೆ ಅಕ್ಷರ ಗುರುತು ಹಿಡಿಯುತ್ತಾರೆ ಎಂದು ಆಫೀಸಿನಲ್ಲಿ ಯಾರೂ ಇಲ್ಲದಾಗ ಟೈಪು ಮಾಡಿದೆ. ಟೈಪ್ ರೈಟರ್ ಇಂಗ್ಲಿಷಿನದು, ಆದ್ದರಿಂದ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದದ್ದು ಸರ್ಕಾರಿ ಪತ್ರದ ಒಂದೇ ಶೈಲಿ, ಆದ್ದರಿಂದ ನಂಬರು ಹಾಕಿದ ಪ್ಯಾರಾಗಳಲ್ಲಿ. ಹೆಸರು ಹಾಕಲಿಲ್ಲ, ಊರು ಬರೆಯಲಿಲ್ಲ, ಸಹಿ ಇಲ್ಲ. ಇಷ್ಟು ಹುಷಾರಾದ ಪ್ರೇಮಪತ್ರ ಭೂಮಿಯ ಮೇಲೆ ಇನ್ನೊಂದಿರಲಾರದು ಎಂದು ಸಮಾಧಾನಪಟ್ಟುಕೊಂಡೆ.

ಒಂದು: ನಿಮ್ಮ ಪತ್ರ ತಲುಪಿದೆ. ಎರಡು: ಇಲ್ಲಿ ಹವೆ ಚೆನ್ನಾಗಿದೆ. ಮೂರು: ನೀವಿಲ್ಲದೆ ಮೆಸ್ಸಿನ ಚಹಾ ಗಂಟಲಲ್ಲಿ ಇಳಿಯುತ್ತಿಲ್ಲ. ನಾಲ್ಕು: ನನ್ನ ತೋಳಿನ ಮೇಲೆ ತಲೆಯಿಟ್ಟು ಒಬ್ಬ ಸಿಪಾಯಿ ಎರಡು ದಿನ ಮಲಗಿದ್ದರಿಂದ ಹಿಡಿದ ಜೋಮು ಇನ್ನೂ ಬಿಟ್ಟಿಲ್ಲ, ಬಿಡುವುದೂ ಬೇಡ. ಐದು: ಮುಂದಿನ ಆದೇಶದವರೆಗೆ ಇದೇ ಸ್ಥಿತಿ ಮುಂದುವರಿಯುವುದು.

ಠಾಣೆಯಲ್ಲಿ ಟ್ರಂಕುಗಳ ತಪಾಸಣೆ ಆದಾಗ ಅದು ಸಿಕ್ಕಿತು. ಸುಬೇದಾರರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೆ ನಾಲ್ಕನೇ ಪ್ಯಾರಾ ಅರ್ಥವಾಗುವಷ್ಟು ಬರುತ್ತಿತ್ತು. ಕೈಯಾರೆ, ಕನ್ನಡದಲ್ಲಿ, ನನ್ನ ಪೂರ್ತಿ ಹೆಸರು ಹಾಕಿ, ಮನಸ್ಸಿಗೆ ಬಂದದ್ದೆಲ್ಲ ಬರೆದಿದ್ದರೆ ಆ ಕಂಪನಿಯಲ್ಲಿ ಅದನ್ನು ಓದಬಲ್ಲ ಒಂದು ನರಪಿಳ್ಳೆಯೂ ಇರಲಿಲ್ಲ. ಅಮ್ಮ ಬರೆದದ್ದು ಎಂದರೆ ನಂಬುತ್ತಿದ್ದರು. ಇಪ್ಪತ್ಮೂರು ವರ್ಷದಿಂದ ನಾನು ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಫಾರ್ಮು ತುಂಬುವಾಗ ಯೋಚಿಸುತ್ತಿರುವುದು ಇದೊಂದನ್ನೇ.

ಬರೆದವರು ಯಾರೆಂದು ಅವನನ್ನು ನಾಲ್ಕು ದಿನ ಕೇಳಿದರು. ಅವನು ಹೇಳಲಿಲ್ಲ. ಮುಖ್ಯ ಠಾಣೆಗೆ ಕರೆತಂದರು. ಸಾಹೇಬರು ನನ್ನನ್ನು ಕರೆದು ಬಿಡುಗಡೆಯ ಆದೇಶ ಟೈಪು ಮಾಡಲು ಹೇಳಿದರು. ನನ್ನ ಬೆನ್ನ ಹಿಂದೆಯೇ ನಿಂತರು. ಮೂರು ಸಾಲು. ಮುಗಿಸಿದ ಮೇಲೆ ಅವರ ಬೆರಳು ನನ್ನ ಭುಜದ ಮೇಲಿಂದ ಬಂದು ಹಾಳೆಯ ಮೇಲೆ, ಪತ್ರದಲ್ಲಿದ್ದಂತೆಯೇ ಮೇಲೆ ಹಾರಿ ಕೂತಿದ್ದ ಒಂದು 'ಎ' ಮೇಲೆ ನಿಂತಿತು. ಎಷ್ಟು ಹೊತ್ತೋ. "ಈ ಮಷೀನು ರಿಪೇರಿಗೆ ಕಳಿಸು, ಬಾಬು," ಎಂದು ಹೊರಗೆ ಹೋದರು.

ನಾನು ಉಳಿದೆ. ಆ ಬೆರಳು ಇನ್ನೊಂದು ಮಾತು ಆಡಿದ್ದರೆ ನನ್ನ ಕೈಲೂ ಅಂಥದ್ದೇ ಒಂದು ಹಾಳೆ ಇರುತ್ತಿತ್ತು. ಅವನು ಟ್ರಂಕು ಹೊತ್ತು ಗೇಟಿನ ಕಡೆ ನಡೆದಾಗ ನಾನು ಕಿಟಕಿಯ ಹತ್ತಿರ ಕಾರ್ಬನ್ ಹಾಳೆ ಜೋಡಿಸುತ್ತಿದ್ದೆ. ಜೋಡಿಸಬೇಕಾದ ಹಾಳೆ ಯಾವುದೂ ಇರಲಿಲ್ಲ.

ಆಮೇಲೆ ಇನ್ನೂ ಎರಡು ಕಡೆ ಕೆಲಸ ಮಾಡಿದೆ. ಬೇರೆ ಬೇರೆ ಸಿಪಾಯಿಗಳ ಹೆಸರಿನಲ್ಲಿ ಅಂಥ ಕಾಗದಗಳು ನನ್ನ ಮೇಜಿಗೆ ಆಗೊಮ್ಮೆ ಈಗೊಮ್ಮೆ ಬಂದವು. ಯಾವುದರಲ್ಲೂ ನಿಜವಾದ ಪದ ಇರುವುದಿಲ್ಲ. ಅನುಚಿತ ವರ್ತನೆ, ಶಿಸ್ತಿಗೆ ಧಕ್ಕೆ, ಸೇವೆ ಅಗತ್ಯವಿಲ್ಲ. ಸೈನ್ಯದಲ್ಲಿ ನಮ್ಮಂಥವರೂ ಇದ್ದರು, ಗಡಿ ಕಾದರು, ಲಾರಿ ಓಡಿಸಿದರು ಎಂದು ನಾಳೆ ಯಾರಾದರೂ ಇತಿಹಾಸ ಬರೆಯಲು ಕೂತರೆ ಅವರಿಗೆ ಸಿಗುವುದು ಇಂಥ ಮೂರು ಮೂರು ಸಾಲುಗಳೇ. ಅವುಗಳಲ್ಲಿ ಕೆಲವನ್ನು ನಾನೇ ಟೈಪು ಮಾಡಿದ್ದೇನೆ. ಕಾಗುಣಿತದ ತಪ್ಪು ಮಾತ್ರ ಸಿಗಲಾರದು.

ಹುಡುಗಿ ಹೋದ ಮೇಲೆ ಆರು ದಿನ ನಾನು ಏನೂ ಮಾಡಲಿಲ್ಲ. ಏನೂ ಮಾಡದಿರುವುದು ಎಷ್ಟು ದಣಿವಿನ ಕೆಲಸ ಎಂಬುದು ಚಿಂತೆ ಮಾಡುವವರಿಗೆ ಮಾತ್ರ ಗೊತ್ತು. ಅವಳಿಗೆ ಹೇಳಿದರೆ ಅವನ ಗುಟ್ಟು ಬಯಲಾಗುತ್ತದೆ, ಅದು ನನ್ನದಲ್ಲ. ಹೇಳದಿದ್ದರೆ ಅವಳು ಅಪ್ಪನನ್ನು ಕಳ್ಳನೆಂದೋ ಕೊಲೆಗಾರನೆಂದೋ ತಿಳಿದು ಫಾರ್ಮು ಹರಿದು ಹಾಕುತ್ತಾಳೆ. ಬೇರೊಂದು ಸುಳ್ಳು ಕಟ್ಟಬಹುದು. ಎದೆನೋವು ಅನ್ನಬಹುದು, ಕಿವಿ ಮಂದ ಅನ್ನಬಹುದು. ಮೂರು ಸುಳ್ಳು ಬರೆದು ನೋಡಿದೆ. ಮೂರೂ ಫಾರ್ಮಿನ ಯಾವ ಕಾಲಮ್ಮಿಗೂ ಹೊಂದಲಿಲ್ಲ.

ಏಳನೇ ದಿನ ಅಕ್ಕ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು.

"ಆ ಹುಡುಗಿ, ನಿನ್ನ ಟ್ರಂಕಿನಾಗಿನ ಫೋಟೋದವನ ಮಗಳಾ?"

ನನ್ನ ಟ್ರಂಕಿನ ತಳದಲ್ಲಿ ಒಂದು ಫೋಟೋ ಇದೆ. ಲಾರಿಯ ಮುಂದೆ ಇಬ್ಬರು ನಿಂತದ್ದು, ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ. ಟ್ರಂಕಿಗೆ ಬೀಗವಿದೆ.

"ಯಾವ ಫೋಟೋ?"

"ಮೂಗು ಅವಂದ ಐತಿ," ಎಂದಳು ಅಕ್ಕ. "ಟ್ರಂಕಿನಾಗ ನುಸಿಗುಳಿಗಿ ಹಾಕೋರು ಯಾರು ಅನ್ಕೊಂಡಿ? ಸರ್ಕಾರದೋರಾ? ಹೋಗಿ ಬಾ. ಆರು ದಿನದಿಂದ ಆ ಬೀಗ ಜಗ್ಗಿ ಜಗ್ಗಿ ಚಿಲಕ ಸಡ್ಲು ಮಾಡಿದಿ."

ಚಿಂತೆ ಮಾಡಲು ನನಗೆ ಹೊಸ ವಿಷಯ ಸಿಕ್ಕಿತು: ಅಕ್ಕನಿಗೆ ಯಾವಾಗಿನಿಂದ ಗೊತ್ತು? ಕೇಳುವ ಧೈರ್ಯವಾಗಲಿಲ್ಲ. ರೊಟ್ಟಿ ತಿಂದು ಹೊರಟೆ.

ಕೂಡ್ಲಿಗಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ಉಚ್ಚಂಗಿದುರ್ಗದ ಬಸ್ಸು. ಮೂರು ಬಸ್ಸು, ಅರ್ಧ ದಿನ. ಇಷ್ಟೇ ದೂರ ಇದ್ದದ್ದು. ನಾನು ನಿವೃತ್ತನಾಗಿ ಬಂದ ವರ್ಷ ಅವನನ್ನು ಒಂದೇ ಒಂದು ಸಲ, ಅದೂ ಆಕಸ್ಮಿಕವಾಗಿ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೆ. ಮಿರ್ಚಿ ಮಂಡಕ್ಕಿ ತಿಂದೆವು. ಅವನು ಹೆಂಡತಿ ತೀರಿಕೊಂಡದ್ದನ್ನು ಹೇಳಿದ, ನಾನು ನನ್ನ ಮಂಡಿ ನೋವಿನ ಬಗ್ಗೆ ಹೇಳಿದೆ. ಬಸ್ಸು ಬಂತು. ಮಂಡಿ ನೋವಿನ ಬಗ್ಗೆ ಮಾತಾಡಿದ್ದಕ್ಕೆ ನನ್ನನ್ನು ನಾನು ಕೊಟ್ಟೂರು ಬರುವವರೆಗೆ ಬೈದುಕೊಂಡಿದ್ದೆ.

ಅವನದು ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು. ಟ್ರಾಕ್ಟರ್, ಗೂಡ್ಸ್ ಗಾಡಿ ರಿಪೇರಿ. ದುರ್ಗದ ಬೆಟ್ಟ ಹಿಂದೆ ಕಾಣುತ್ತದೆ. ಒಂದು ಟ್ರಾಕ್ಟರಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಹಿಮ್ಮಡಿ ಒಡೆದಿತ್ತು.

"ಡ್ರೈವರ್," ಎಂದೆ.

ಕಾಲುಗಳು ಅಲುಗದೆ ನಿಂತವು. ಆಮೇಲೆ ಒಳಗಿಂದ ದನಿ ಬಂತು. "ಹದಿನೇಳರ ಪಾನ ಕೊಡು. ಅಲ್ಲೇ ಬಲಕ್ಕ ಐತಿ."

ಕೊಟ್ಟೆ. ಸ್ಪ್ಯಾನರಿನಿಂದ ನಟ್ಟು ಬಿಗಿದು ಹೊರಬಂದ. ತಲೆಯ ಮುಂಭಾಗ ಪೂರಾ ಬೋಳು. ಮೂಗಿನ ಮೇಲೆ ಗ್ರೀಸು.

"ದಪ್ಪ ಆಗಿಯಲ್ಲೋ ಬಾಬು."

"ನೀನು ಮುದುಕ ಆಗಿ."

"ಹೂಂ. ಇಬ್ರದೂ ಸರಿಗಿ ಸರಿ ಹಂಗಾರ." ಕೈ ಒರೆಸಿಕೊಳ್ಳುತ್ತ ನನ್ನ ಚೀಲ ನೋಡಿದ. ಪುಸ್ತಕದ ಅಂಚು ಹೊರಗೆ ಕಾಣುತ್ತಿತ್ತು. ಅವನ ಮುಖ ಬದಲಾಯಿತು. "ನಿನ್ನ ಹತ್ರ ಬಂದಿದ್ಲಾ? ಆ ಹವಾಲ್ದಾರ್ನ ಬಾಯಿಗೆ ಮಣ್ಣು ಹಾಕ."

ಶೆಡ್ಡಿನ ಹಿಂದೆ ಹುಣಸೆ ಮರದ ಕೆಳಗೆ ಟಯರಿನ ಮೇಲೆ ಕೂತೆವು. ನಾನು ಎಲ್ಲ ಹೇಳಿದೆ. ಅವಳು ಫಾರ್ಮು ಹಾಕುವುದಿಲ್ಲ ಎಂದದ್ದು, ಕಳ್ಳತನವೋ ಹೊಡೆದಾಟವೋ ಎಂದು ಕೇಳಿದ್ದು, ಗುರುವಾರ ಕೊನೆಯ ದಿನ ಎಂಬುದು. ನಡುವೆ ನಾಲ್ಕು ಸಲ ಬೆವರು ಒರೆಸಿಕೊಂಡೆ.

"ಊರಾಗ ಓಡಿ ಬಂದಿ ಅಂತ ಯಾರು ಹಬ್ಬಿಸಿದ್ರು?" ಎಂದೆ.

"ನಾನ."

"ನೀನಾ?"

"ಮತ್ತೇನು? ಕಳಿಸಿದ್ರು ಅಂದ್ರ ಯಾಕ ಕಳಿಸಿದ್ರು ಅಂತ ಕೇಳ್ತಾರ. ಓಡಿ ಬಂದೆ ಅಂದ್ರ ಯಾಕ ಓಡಿ ಬಂದಿ ಅಂತ ಯಾರೂ ಕೇಳಂಗಿಲ್ಲ. ಹೆದರಿ ಬಂದಾನ ಅಂತ ಅವರ ತಿಳ್ಕೋತಾರ. ಹೆದರ್ಪುಕಲ ಅಂದ್ರ ನಗ್ತಾರ, ಹೋಗ್ತಾರ. ಹೆಣ್ಣೂ ಸಿಕ್ತು." ಒಂದು ಕಡ್ಡಿ ಎತ್ತಿಕೊಂಡು ಉಗುರಿನ ಸಂದಿಯ ಗ್ರೀಸು ತೆಗೆಯತೊಡಗಿದ. "ಆಕಿ ಚಲೋ ಹೆಂಗಸು. ಆಕಿಗೂ ಹೇಳಲಿಲ್ಲ. ಅದು ಮಾತ್ರ ನನಗ ಈಗ್ಲೂ ಕಡೀತೈತಿ."

ಟ್ರಾಕ್ಟರಿನ ಮಾಲೀಕ ದೂರದಿಂದ ಕೂಗಿದ. "ಬರ್ತತಿ ತಡಿಯಪ್ಪಾ, ಆಗ್ತತಿ!" ಎಂದು ಇವನೂ ಕೂಗಿದ. ಮತ್ತೆ ನನ್ನ ಕಡೆ ತಿರುಗಿದ.

"ಮೊಬೈಲ್ನಾಗ ನೋಡಿದೆ. ಯಾವ್ದೋ ದೇಶದಾಗ ನಮ್ಮಂಥ ಸಿಪಾಯಿಗಳಿಗೆ ಕ್ಷಮಾ ಕೇಳಿ, ಕಸಗೊಂಡಿದ್ದ ಮೆಡಲ್ ವಾಪಸ್ ಕೊಟ್ರಂತ. ಮುದುಕ್ರು ಕೋಟ್ ಹಾಕ್ಕೊಂಡು ಅಳ್ತಿದ್ರು."

"ನಿನ್ನ ಮೆಡಲ್ ಕಸಗೊಂಡಿದ್ರಾ?"

"ಇಲ್ಲಪ್ಪ. ಇದ್ದದ್ದ ಒಂದು. ಇಕಿ ಸಣ್ಣಾಕಿದ್ದಾಗ ಆಡಾಕ ಕೊಟ್ಟಿದ್ದೆ, ಕಳದ್ಲು. ವಾಪಸ್ ಕೊಡೋದಿದ್ರ ಇಕಿ ಕೊಡಬೇಕು ನನಗ."

ಇಬ್ಬರೂ ನಕ್ಕೆವು. ನಗುತ್ತಿದ್ದಂತೆ ನನಗೆ ಅಳು ಬರುವ ಹಾಗಾಯಿತು. ಕನ್ನಡಕ ತೆಗೆದು ಒರೆಸಿದೆ. ಒರೆಸುವಂಥದ್ದು ಗಾಜಿನ ಮೇಲೆ ಏನೂ ಇರಲಿಲ್ಲ.

"ನಾನು ಕನ್ನಡದಾಗ ಬರೀಬೇಕಿತ್ತು," ಎಂದೆ.

"ಹೌದು, ಬರೀಬೇಕಿತ್ತು," ಎಂದ. "ನಿನ್ನ ಇಂಗ್ಲೀಷೂ ಸುಮಾರಿತ್ತು. ಜೋಮು ಹಿಡಿಯೋದಕ್ಕ ಏನೋ ಡಾಕ್ಟರ್ ಚೀಟಿ ಮಾತು ಬರದಿದ್ದಿ. ನಾನು ಇನ್ನೊಬ್ಬ ಡ್ರೈವರ್ನ ಕೇಳಿ ಅರ್ಥ ಮಾಡ್ಕೊಂಡೆ."

"ಇನ್ನೊಬ್ಬ ಡ್ರೈವರ್ನ ಕೇಳಿದ್ಯಾ!" ನನ್ನ ಬಿಪಿ ಏರಿದ್ದು ನನಗೇ ಕೇಳಿಸಿತು.

"ಇಪ್ಪತ್ಮೂರು ವರ್ಷದ ಮ್ಯಾಲ ಚಿಂತಿ ಮಾಡಬ್ಯಾಡೋ ಮಾರಾಯಾ. ಮಾವ ಔಷಧಿ ಚೀಟಿ ಕಳಿಸ್ಯಾನಂತ ಹೇಳಿದ್ದೆ."

ಕಡ್ಡಿಯನ್ನು ಇನ್ನೊಂದು ಕೈಗೆ ಬದಲಿಸಿದ. "ನಾನು ಹೇಳಿದ್ರ ನಿನ್ನ ಹೆಸರು ಬರ್ತತಿ ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ. ನಿನ್ನ ಪಿಂಚಣಿ, ನಿನ್ನ ಊರು, ನಿಮ್ಮಕ್ಕ. ಈಗ ನೀನ ಬಂದಿ. ಗುಟ್ಟು ಬಿಚ್ಚೋದು ಬ್ಯಾಡ ಅಂದ್ರ ಬ್ಯಾಡ. ಆದ್ರ ಆಕಿ ಫಾರ್ಮ್ ಹಾಕಬೇಕು. ಎರಡು ವರ್ಷದಿಂದ ಓಡ್ಯಾಳ. ಓಡಿ ಬಂದೋನ ಮಗಳು ಅಂತ ಸಾಲಿಯಾಗೂ ಅನ್ಸಿಕೊಂಡಾಳ."

ಅಷ್ಟರಲ್ಲಿ ಸೈಕಲ್ಲಿನ ಮೇಲೆ ಅವಳೇ ಬಂದಳು, ಹ್ಯಾಂಡಲ್ಲಿಗೆ ಬುತ್ತಿ ಚೀಲ. ನನ್ನನ್ನು ನೋಡಿ ಕಾಲು ಕೆಳಗೂರಿದಳು.

"ಸರ್? ರೆಕಾರ್ಡ್ ಸಿಕ್ತೇನ್ರಿ?"

ಹಿಂದೆ ಎಂದಾದರೂ ನಾನು ಯೋಚಿಸದೆ ಮಾತಾಡಿದ್ದಿದ್ದರೆ ನೆನಪಿಲ್ಲ. ಅವತ್ತು ಮಾತಾಡಿದೆ.

"ಸಿಕ್ತವ್ವ. ನಿಮ್ಮಪ್ಪ ಕಳವು ಮಾಡಿಲ್ಲ, ಯಾರಿಗೂ ಹೊಡದಿಲ್ಲ, ಓಡಿ ಬಂದಿಲ್ಲ. ಅವನ ಟ್ರಂಕಿನಾಗ ಒಂದು ಪತ್ರ ಸಿಕ್ತು. ಗಂಡಸು ಗಂಡಸಿಗೆ ಬರೆದ ಪತ್ರ. ಹೆಂಡ್ತಿಗೆ ಬರಿಯೋ ಥರದ್ದು. ಬರೆದೋನ ಹೆಸರು ಹೇಳಿದ್ರ ಇಬ್ರನ್ನೂ ಕಳಿಸ್ತಿದ್ರು. ಇವನು ಹೇಳಲಿಲ್ಲ. ಅದಕ್ಕ ಇವನೊಬ್ಬನ್ನ ಕಳಿಸಿದ್ರು." ಉಸಿರು ಎಳೆದುಕೊಂಡೆ. "ಬರೆದೋನು ನಾನು. ಕಳಿಸೋ ಆರ್ಡರ್ ಟೈಪ್ ಮಾಡಿದೋನೂ ನಾನ."

ಅವಳು ಸೈಕಲ್ ಹಿಡಿದುಕೊಂಡೇ ನಿಂತಿದ್ದಳು. ಅಪ್ಪನನ್ನು ನೋಡಿದಳು. ಅವನು ಕಡ್ಡಿಯಿಂದ ಉಗುರು ಕೆರೆಯುತ್ತಲೇ ಇದ್ದ, ಈಗ ಗ್ರೀಸು ಇಲ್ಲದ ಉಗುರನ್ನು.

"ಅಷ್ಟನ?" ಎಂದಳು.

ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಅಪ್ಪನ ಕಡೆ ತಿರುಗಿದಳು.

"ಅಷ್ಟಕ್ಕ ಓಡಿ ಬಂದೆ ಅಂತ ಹೇಳಿದ್ಯಾ?" ದನಿ ಏರಿತು. "ಎಂಟನೇತ್ಯಾಗ ಹೆದರ್ಪುಕಲನ ಮಗಳು ಅಂದ ಅಂತ ಒಬ್ಬನ ಹಲ್ಲು ಮುರಿದೆ, ಗೊತ್ತೈತಿಲ್ಲೋ ನಿನಗ? ಹೆಡ್ ಮಾಸ್ತರ್ ಕರೆಸಿದಾಗ ಬಂದು ತಲಿ ತಗ್ಗಿಸ್ಕೊಂಡು ಕುಂತಿದ್ದಿ. ಅವತ್ತರ ಹೇಳಬಾರ್ದಿತ್ತಾ?"

"ಎಂಟನೇತ್ಯಾಗಿದ್ದಾಕಿಗೆ ಏನಂತ ಹೇಳ್ಲವ್ವ?"

"ಓಡಿ ಬಂದಿಲ್ಲ ಅಂತ ಹೇಳು! ಅಷ್ಟರ ಹೇಳು!"

ಬುತ್ತಿ ಚೀಲವನ್ನು ಟಯರಿನ ಮೇಲೆ ಕುಕ್ಕಿ, ಹುಣಸೆ ಮರದ ಆ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಹೋಗಲೇ ಎಂದು ನಾನು ಕಣ್ಣಲ್ಲಿ ಕೇಳಿದೆ. ಅವನು ಬೇಡವೆಂದು ತಲೆಯಾಡಿಸಿದ. ಬುತ್ತಿ ಬಿಚ್ಚಿ ಒಂದು ರೊಟ್ಟಿ ನನ್ನ ಕೈಗಿಟ್ಟ. ಹಸಿವಿರಲಿಲ್ಲ. ತಿಂದೆ.

ತಿರುಗಿ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು, ಆದರೆ ಮಾತು ಸರಿಯಾಗಿತ್ತು.

"ಈಗ್ಲೂ ಹಿಂಗ ಕಳಿಸ್ತಾರೇನ್ರಿ ಸರ್?"

ಇಲ್ಲ ಎನ್ನಬೇಕೆಂದು ಬಹಳ ಆಸೆಯಾಯಿತು. "ದೊಡ್ಡ ಕೋರ್ಟು ಅಪರಾಧ ಅಲ್ಲ ಅಂತ ಹೇಳೈತವ್ವ. ಸೈನ್ಯದ ಕಾನೂನು ಬ್ಯಾರೆ ಅಂತಾರ. ಈಗ ಟೈಪ್ ರೈಟರ್ ಇಲ್ಲ, ಕಂಪ್ಯೂಟರ್ ಬಂದಾವ. ಅಷ್ಟು ಮಾತ್ರ ನನಗ ಖಾತ್ರಿ ಗೊತ್ತು."

ಅವಳು ಬೂಟಿನ ತುದಿಯಿಂದ ಮಣ್ಣು ಕೆದರಿದಳು. "ನಾನು ಹೋಗೋದು ಮಿಲಿಟರಿ ಪೊಲೀಸಿಗೆ. ಟ್ರಂಕ್ ಚೆಕ್ ಮಾಡು ಅಂದ್ರ ನಾನೂ ಮಾಡಬೇಕಾಗ್ತತಲ್ಲ. ಅಂಥಾ ಪತ್ರ ಸಿಕ್ರ ಏನ್ ಮಾಡ್ಲಿ?"

ಈ ಪ್ರಶ್ನೆ ಆರು ದಿನದ ನನ್ನ ಚಿಂತೆಯಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅವನೇ ಹೇಳಿದ, ರೊಟ್ಟಿ ಮುರಿಯುತ್ತ.

"ಓದಾಕ ಬರಂಗಿಲ್ಲ ಅನ್ನು."

"ಬರ್ತತಲ್ಲ."

"ಎಲ್ಲಾ ಬರ್ತತಿ ಅಂತ ಎಲ್ಲಾ ಕಡಿ ತೋರಿಸಬಾರ್ದವ್ವ. ಮಡಚಿ ಅಲ್ಲೇ ಇಡು, ಮುಚ್ಚಳ ಹಾಕು, ಮುಂದಿನ ಟ್ರಂಕಿಗೆ ಹೋಗು."

ಅವಳು ಕೈ ಚಾಚಿ ನನ್ನ ಚೀಲದಿಂದ ಪುಸ್ತಕ ತೆಗೆದುಕೊಂಡಳು. "ಆ ಕಾಲಮ್ಮಿನಾಗ ಏನ್ ಬರೀಬೇಕ್ರಿ?" ಎಂದಳು.

ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಅವಳ ಮೊಬೈಲಿಟ್ಟುಕೊಂಡು ನಾವು ಮೂವರೂ ಫಾರ್ಮು ತುಂಬಿದೆವು. ತಂದೆ ಸೈನ್ಯದಲ್ಲಿದ್ದರೇ? ಹೌದು. ಎಷ್ಟು ವರ್ಷ? ಆರು. ಜಿಲ್ಲೆಗೆ ಬಂದಾಗ ಅಪ್ಪ ಬಳ್ಳಾರಿ ಎಂದ, ಮಗಳು ವಿಜಯನಗರ ಎಂದಳು, ಇಬ್ಬರೂ ಐದು ನಿಮಿಷ ಜಗಳಾಡಿದರು. ಸಲ್ಲಿಸು ಎಂಬ ಗುಂಡಿ ಒತ್ತುವ ಮೊದಲು ನಾನು ಎಲ್ಲವನ್ನೂ ಮೂರು ಸಲ ಪರಿಶೀಲಿಸಿದೆ. ನಾಲ್ಕನೇ ಸಲಕ್ಕೆ ಅವಳು ಮೊಬೈಲು ಕಸಿದುಕೊಂಡು ತಾನೇ ಒತ್ತಿದಳು.

ಓಟ ಪಾಸಾಗಿದ್ದಾಳೆ. ಉಳಿದ ಫಲಿತಾಂಶ ನಾನು ಇದನ್ನು ಬರೆಯುವವರೆಗೂ ಬಂದಿಲ್ಲ. ನನಗೆ ಅದರದೇ ಚಿಂತೆ. ಪಾಸಾಗದಿದ್ದರೆ ಹೇಗೆ ಎಂದು ಒಂದು ಚಿಂತೆ, ಪಾಸಾಗಿ ಹೋಗಿ, ಒಂದು ದಿನ ಯಾರದೋ ಟ್ರಂಕಿನ ಮುಂದೆ ಕೂತರೆ ಹೇಗೆ ಎಂದು ಇನ್ನೊಂದು. ಎರಡನೆಯದು ಭಾರ.

ಅವತ್ತು ನನ್ನನ್ನು ಬಸ್ಸಿಗೆ ಬಿಡಲು ಅವನು ಬಂದಿದ್ದ. ಅವಳ ಮುಂದೆ ಆಡದ ಮಾತು ಏನಾದರೂ ಇರಬಹುದೆಂದು ಕಾದೆ. ಅವನು ಮಂಡಿ ನೋವು ಹೇಗಿದೆ ಎಂದು ಕೇಳಿದ. ಹಾಗೇ ಇದೆ ಎಂದೆ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಎಂದ. ಬಸ್ಸು ಬಂತು. ಕಿಟಕಿಯ ಹತ್ತಿರ ಕೂತು ಈ ಸಲ ನಾನು ಕೈಯಲ್ಲಿ ಏನನ್ನೂ ಜೋಡಿಸದೆ, ಬಸ್ಸು ತಿರುಗುವವರೆಗೆ ಅವನನ್ನೇ ನೋಡಿದೆ.